ಯೂಟ್ಯೂಬ್ ಓಡುತ್ತೆ, ವಿಮೆ ಪುಟ ತೆರೆಯಲ್ಲ: ಮನೆ ವೈಫೈನಲ್ಲಿ ದೋಷ ಹುಡುಕೋದು ಹೇಗೆ?

ಈ ವಾರ ಜೀವಾಮೃತವೂ ಇಲ್ಲ, ಕಷಾಯವೂ ಇಲ್ಲ. ಲ್ಯಾಪ್‌ಟಾಪ್ ವಿಷಯ. ತೋಟಗಾರಿಕೆ ಓದಿದವನಿಗೆ ಇದೆಲ್ಲ ಯಾಕೆ ಅಂತ ಕೇಳಬೇಡಿ. ಪಹಣಿ, ಬೆಳೆ ವಿಮೆ, ಸಾವಯವ ದೃಢೀಕರಣದ ಕಾಗದ, ಬ್ಯಾಂಕ್ ಎಲ್ಲವೂ ಇಂಟರ್ನೆಟ್ಟಿಗೆ ಬಂದ ಮೇಲೆ ರೌಟರ್ ಕೂಡ ಒಂದು ಕೃಷಿ ಸಲಕರಣೆಯೇ.

ನಮ್ಮ ಕಡೆ ಪದೇ ಪದೇ ಕೇಳುವ ಮಾತು ಒಂದಿದೆ: "ವೈಫೈ ಚೆನ್ನಾಗಿದೆ, ಯೂಟ್ಯೂಬ್ ಬರ್ತಿದೆ, ಈ ಒಂದು ಪುಟ ಮಾತ್ರ ತೆರೀತಿಲ್ಲ. ಸರ್ವರ್ ಡೌನ್ ಇರಬೇಕು, ನಾಳೆ ನೋಡೋಣ." ಕೊನೆಯ ದಿನಗಳ ನೂಕುನುಗ್ಗಲಲ್ಲಿ ಸರ್ವರ್ ನಿಜವಾಗಿಯೂ ಕೈಕೊಡುತ್ತೆ, ಇಲ್ಲ ಅನ್ನಲ್ಲ. ಆದರೆ ಎಷ್ಟೋ ಸಲ ದೋಷ ನಮ್ಮ ಮನೆಯೊಳಗೇ ಇರುತ್ತೆ. ಆಗ ನಾಳೆಗೂ ತೆರೆಯಲ್ಲ, ನಾಡಿದ್ದಿಗೂ ತೆರೆಯಲ್ಲ, ಅಷ್ಟರಲ್ಲಿ ವಿಮೆಯ ಕೊನೆ ದಿನಾಂಕ ದಾಟಿರುತ್ತೆ. ಹಾಗಾಗಿ ಕಾಯುವ ಮೊದಲು, ತಪ್ಪು ಅವರದೋ ನಮ್ಮದೋ ಅನ್ನೋದನ್ನು ಹತ್ತು ನಿಮಿಷದಲ್ಲಿ ತಿಳಿದುಕೊಳ್ಳಬೇಕು.

ಡ್ರಿಪ್ ಹಾಕಿದವರಿಗೆ ಇದು ಕಷ್ಟವಲ್ಲ. ಒಂದು ಗಿಡಕ್ಕೆ ನೀರು ಬೀಳದಿದ್ದರೆ ಡ್ರಿಪ್ಪರ್ ನೋಡ್ತೀವಿ. ಒಂದು ಸಾಲಿಗೇ ಬೀಳದಿದ್ದರೆ ಆ ಸಾಲಿನ ಪೈಪ್, ಇಡೀ ತೋಟಕ್ಕೇ ಬೀಳದಿದ್ದರೆ ಫಿಲ್ಟರ್ ಅಥವಾ ಪಂಪು. ಇಲ್ಲಿ ಬ್ರೌಸರ್ ಡ್ರಿಪ್ಪರ್ ಇದ್ದ ಹಾಗೆ, ಲ್ಯಾಪ್‌ಟಾಪ್ ಒಂದು ಸಾಲು, ರೌಟರ್ ಫಿಲ್ಟರ್, ಆಚೆಗಿನ ಫೈಬರ್ ಮುಖ್ಯ ಪೈಪು. ಎಲ್ಲಿ ಕಟ್ಟಿಕೊಂಡಿದೆ ಅಂತ ತಿಳಿಯದೆ ಎಲ್ಲವನ್ನೂ ಬಿಚ್ಚಬಾರದು.

ಮೊದಲು ಅದಲು ಬದಲು ಮಾಡಿ

ಅದೇ ವೈಫೈನಲ್ಲಿ ಫೋನಿನಿಂದ ಅದೇ ಪುಟ ತೆರೆದು ನೋಡಿ. ಫೋನಿನ ಮೊಬೈಲ್ ಡೇಟಾ ಆಫ್ ಮಾಡಿಕೊಳ್ಳಲೇಬೇಕು. ಇಲ್ಲದಿದ್ದರೆ ವೈಫೈ ಸರಿಯಿಲ್ಲದಾಗ ಫೋನು ಸದ್ದಿಲ್ಲದೆ ಸಿಮ್ಮಿಗೆ ಹಾರಿಬಿಡುತ್ತೆ, ನಮ್ಮ ಪರೀಕ್ಷೆ ಸುಳ್ಳಾಗುತ್ತೆ. ಆಮೇಲೆ ಲ್ಯಾಪ್‌ಟಾಪನ್ನು ಫೋನಿನ ಹಾಟ್‌ಸ್ಪಾಟಿಗೆ ಜೋಡಿಸಿ ಅದೇ ಪುಟ ತೆರೆಯಿರಿ. ಈ ಸಲ ಮೊಬೈಲ್ ಡೇಟಾ ಆನ್ ಇರಬೇಕು. ಕೊನೆಗೆ ಲ್ಯಾಪ್‌ಟಾಪ್‌ನಲ್ಲೇ ಬೇರೆ ಬ್ರೌಸರ್, ಅಥವಾ ಅದೇ ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿ.

ಇನ್‌ಕಾಗ್ನಿಟೊದಲ್ಲಿ ತೆರೆದರೆ ಬ್ರೌಸರಿನ ಹಳೆಯ ಕುಕಿ, ಕ್ಯಾಶೆ ಅಥವಾ ಯಾವುದೋ ಎಕ್ಸ್‌ಟೆನ್ಶನ್ ಕಾರಣ; ಅದನ್ನು ಅಳಿಸಿದರೆ ಮುಗಿಯಿತು. ವೈಫೈನಲ್ಲಿ ಫೋನೂ ಇಲ್ಲ, ಲ್ಯಾಪ್‌ಟಾಪೂ ಇಲ್ಲ, ಹಾಟ್‌ಸ್ಪಾಟಿನಲ್ಲಿ ಮಾತ್ರ ತೆರೆಯುತ್ತೆ ಅಂದರೆ ರೌಟರ್ ಅಥವಾ ಕಂಪನಿ ಕಡೆಯ ದೋಷ. ಫೋನಿನಲ್ಲಿ ತೆರೆದು, ಲ್ಯಾಪ್‌ಟಾಪ್‌ನಲ್ಲಿ ಹಾಟ್‌ಸ್ಪಾಟ್ ಹಾಕಿದರೂ ತೆರೆಯದಿದ್ದರೆ ಲ್ಯಾಪ್‌ಟಾಪಿನದೇ ತಪ್ಪು. ಮೂರೂ ಕಡೆ ಇಲ್ಲ ಅಂದಾಗ ಮಾತ್ರ 'ಸರ್ವರ್ ಡೌನ್' ಅನ್ನುವ ಮಾತಿಗೆ ಬೆಲೆ.

ಪರದೆಯ ಮೇಲೆ ಬರುವ ಸಂದೇಶವನ್ನೂ ಓದಿ, ಸುಮ್ಮನೆ ಮುಚ್ಚಬೇಡಿ. 500, 502, 503, 504 ಹೀಗೆ ಐದರಿಂದ ಶುರುವಾಗುವ ಸಂಖ್ಯೆ ಬಂದರೆ ಸಾಮಾನ್ಯವಾಗಿ ತೊಂದರೆ ಆ ಕಡೆಯದು, ಕಾಯಬಹುದು. 404 ಅಂದರೆ ಆ ವಿಳಾಸದಲ್ಲಿ ಪುಟವೇ ಇಲ್ಲ. 403 ಅಂದರೆ ನಿಮ್ಮನ್ನು ಒಳಗೆ ಬಿಡ್ತಿಲ್ಲ. ವಿಪಿಎನ್ ಆನ್ ಇದ್ದರೆ ಹೀಗಾಗೋದುಂಟು, ಯಾಕಂದರೆ ನಮ್ಮ ಎಷ್ಟೋ ಸರ್ಕಾರಿ ತಾಣಗಳು ವಿದೇಶದಿಂದ ಬಂದಂತೆ ಕಾಣುವ ಸಂಪರ್ಕವನ್ನು ಬಿಡುವುದಿಲ್ಲ. ವಿಪಿಎನ್ ಆಫ್ ಮಾಡಿ ನೋಡಿ.

ಗೂಗಲ್, ಯೂಟ್ಯೂಬ್ ಮಾತ್ರ ಬಂದರೆ

ಇದನ್ನು ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದರೆ ಜನ ಎಡವೋದು ಇಲ್ಲೇ. ನಮ್ಮೂರ ಅಡಿಕೆ ಬೆಳೆಗಾರರೊಬ್ಬರು (ಅಣ್ಣ ಅಂತಲೇ ಕರೆಯೋದು ನಾನು) ವಿಮೆಗೆ ಇನ್ನೆರಡೇ ದಿನ ಇದೆ ಅನ್ನುವಾಗ ಫೋನ್ ಮಾಡಿದರು. "ತಮ್ಮಾ, ಗೂಗಲ್ ಬತ್ತು, ಯೂಟ್ಯೂಬ್ ಬತ್ತು, ಬ್ಯಾಂಕಿಂದು ಬತ್ತಿಲ್ಲೆ, ವಿಮೇದೂ ಬತ್ತಿಲ್ಲೆ." ಅದೇ ವೈಫೈನಲ್ಲಿ ಮಗಳ ಫೋನಿನಲ್ಲಿ ಎಲ್ಲ ತೆರೆಯುತ್ತಿತ್ತು. ಲ್ಯಾಪ್‌ಟಾಪನ್ನು ಹಾಟ್‌ಸ್ಪಾಟಿಗೆ ಹಾಕಿದರೂ ಅದೇ ಕಥೆ. ಅಂದರೆ ದೋಷ ಲ್ಯಾಪ್‌ಟಾಪಿನಲ್ಲೇ. ಆದರೆ ಲ್ಯಾಪ್‌ಟಾಪ್ ಕೆಟ್ಟಿದ್ದರೆ ಗೂಗಲ್ ಹೇಗೆ ಬಂತು?

ಇಂಟರ್ನೆಟ್ಟಿನಲ್ಲಿ ಈಗ ಎರಡು ಬಗೆಯ ವಿಳಾಸ ಪದ್ಧತಿ ಒಟ್ಟಿಗೆ ನಡೆಯುತ್ತಿದೆ. ಹಳೆಯದು ಐಪಿವಿ4. ಅದರಲ್ಲಿ ಸುಮಾರು 430 ಕೋಟಿ ವಿಳಾಸ ಮಾತ್ರ ಸಾಧ್ಯ, ಲೋಕದ ಫೋನುಗಳಿಗೇ ಅದು ಸಾಲಲ್ಲ. ಹೊಸದು ಐಪಿವಿ6. ಗೂಗಲ್, ಯೂಟ್ಯೂಬ್, ಫೇಸ್‌ಬುಕ್‌ನಂಥ ದೊಡ್ಡವು ಎರಡರಲ್ಲೂ ಸಿಗುತ್ತವೆ. ಇವತ್ತಿಗೂ ಎಷ್ಟೋ ತಾಣಗಳು ಹಳೆಯದರಲ್ಲಿ ಮಾತ್ರ ಇವೆ. ಲ್ಯಾಪ್‌ಟಾಪಿನ ಹಳೆಯ ದಾರಿ ಮುಚ್ಚಿ ಹೊಸ ದಾರಿ ತೆರೆದಿದ್ದರೆ ದೊಡ್ಡವು ಸಲೀಸಾಗಿ ಬರುತ್ತವೆ, ಉಳಿದವು ಬರಲ್ಲ. ನೋಡುವವರಿಗೆ ಇಂಟರ್ನೆಟ್ ಚೆನ್ನಾಗಿದೆ, ಆ ತಾಣಗಳೇ ಕೆಟ್ಟಿವೆ ಅನ್ನಿಸುತ್ತೆ.

ಪರೀಕ್ಷೆ ಸುಲಭ. ಫೋನಿನ ವೈಫೈ ವಿವರದಲ್ಲಿ ಐಪಿ ಅಡ್ರೆಸ್ ನೋಡಿ, ಲ್ಯಾಪ್‌ಟಾಪಿನ ವೈಫೈ ಪ್ರಾಪರ್ಟೀಸ್‌ನಲ್ಲಿ ಐಪಿವಿ4 ಅಡ್ರೆಸ್ ನೋಡಿ. ಮನೆ ರೌಟರಿನಲ್ಲಿ ಸಾಮಾನ್ಯವಾಗಿ ಮೊದಲ ಮೂರು ಸಂಖ್ಯೆ ಎರಡಕ್ಕೂ ಒಂದೇ ಇರಬೇಕು, ಕೊನೆಯದು ಬೇರೆ ಇರಬೇಕು. ಅಣ್ಣನ ಮನೇಲಿ ಫೋನಿನದು 192.168.1.7, ಲ್ಯಾಪ್‌ಟಾಪಿನದು 192.168.0.25. ಹಿಂದಿನ ಕನೆಕ್ಷನ್ ಇದ್ದಾಗ ಯಾರೋ ರಿಪೇರಿಯವರು ಆ ನಂಬರನ್ನು ಕೈಯಾರೆ ತುಂಬಿ ಹೋಗಿದ್ದರು. ಹೊಸ ಫೈಬರ್, ಹೊಸ ರೌಟರ್ ಬಂದ ಮೇಲೂ ಲ್ಯಾಪ್‌ಟಾಪ್ ಹಳೆ ಮನೆಯ ವಿಳಾಸವನ್ನೇ ಹೇಳಿಕೊಂಡು ಕೂತಿತ್ತು.

ಸರಿಪಡಿಸೋದು ಹೀಗೆ. ವಿಂಡೋಸ್ 10 ಅಥವಾ 11ರಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್ ಆ್ಯಂಡ್ ಇಂಟರ್ನೆಟ್, ವೈಫೈ, ನಿಮ್ಮ ವೈಫೈ ಹೆಸರಿನ ಪ್ರಾಪರ್ಟೀಸ್. ಅಲ್ಲಿ ಐಪಿ ಅಸೈನ್‌ಮೆಂಟ್ 'ಮ್ಯಾನುಯಲ್' ಅಂತಿದ್ದರೆ ಎಡಿಟ್ ಒತ್ತಿ 'ಆಟೋಮ್ಯಾಟಿಕ್ (ಡಿಎಚ್‌ಸಿಪಿ)' ಮಾಡಿ ಸೇವ್ ಮಾಡಿ. ಡಿಎನ್‌ಎಸ್ ಅಂತ ಪಕ್ಕದಲ್ಲೇ ಇನ್ನೊಂದಿದ್ದರೆ ಅದನ್ನೂ ಆಟೋಮ್ಯಾಟಿಕ್ ಮಾಡಿ. ವೈಫೈ ಆಫ್ ಮಾಡಿ ಆನ್ ಮಾಡಿ. ಅಣ್ಣನ ಅರ್ಜಿ ಅವತ್ತೇ ಸಂಜೆ ಹೋಯಿತು.

ಇದರದೇ ಇನ್ನೊಂದು ರೂಪ: ಅಡಿಕೆ ಅಂಗಳಕ್ಕೆ ಸಿಸಿಟಿವಿ ಹಾಕಿಸಿದ ಮೇಲೆ ಶುರುವಾಗುವ ತೊಂದರೆ. ಕ್ಯಾಮೆರಾ ಪೆಟ್ಟಿಗೆಗೆ ಖಾಯಂ ನಂಬರ್ ಕೊಟ್ಟು ಹೋಗಿರ್ತಾರೆ, ಅದೇ ನಂಬರ್ ಲ್ಯಾಪ್‌ಟಾಪಿಗೂ ಇದ್ದರೆ ಎರಡೂ ಕಿತ್ತಾಡುತ್ತವೆ. ಲ್ಯಾಪ್‌ಟಾಪಿನ ವಿಳಾಸ 169.254ರಿಂದ ಶುರುವಾಗಿದ್ದರೆ ಅದಕ್ಕೆ ರೌಟರಿನಿಂದ ಸರಿಯಾದ ವಿಳಾಸ ಸಿಕ್ಕಿಲ್ಲ ಅಂತಲೇ ಅರ್ಥ.

ದಿನಾಂಕ ನೋಡಿದ್ದೀರಾ?

ಲ್ಯಾಪ್‌ಟಾಪಿನ ಮೂಲೆಯಲ್ಲಿರುವ ದಿನಾಂಕ, ಗಂಟೆ ಸರಿಯಿದೆಯಾ ನೋಡಿ. ಹಳೆ ಲ್ಯಾಪ್‌ಟಾಪಿನ ಒಳಗಿನ ಬಿಲ್ಲೆ ಬ್ಯಾಟರಿ ಸತ್ತರೆ, ಕರೆಂಟು ಹೋಗಿ ಬಂದಾಗಲೆಲ್ಲ ದಿನಾಂಕ ಹಿಂದಕ್ಕೆ ಓಡುತ್ತೆ. ಪ್ರತಿ ಸುರಕ್ಷಿತ ತಾಣಕ್ಕೂ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಒಂದು ಪ್ರಮಾಣಪತ್ರ ಇರುತ್ತೆ. ನಿಮ್ಮ ಲ್ಯಾಪ್‌ಟಾಪ್ 20 ದಿನ ಹಿಂದಿದೆ ಅಂದುಕೊಳ್ಳಿ. ಈ 20 ದಿನದಲ್ಲಿ ಪ್ರಮಾಣಪತ್ರ ನವೀಕರಿಸಿಕೊಂಡ ತಾಣಗಳು ಅದರ ಕಣ್ಣಿಗೆ 'ಇನ್ನೂ ಚಾಲ್ತಿಗೆ ಬಂದಿಲ್ಲ'. ಅವು ತೆರೆಯಲ್ಲ, ಬೇರೆಯವು ತೆರೆಯುತ್ತವೆ. ವರ್ಷಗಟ್ಟಲೆ ಹಿಂದಿದ್ದರೆ ಹೆಚ್ಚುಕಮ್ಮಿ ಯಾವುದೂ ತೆರೆಯಲ್ಲ. ದಿನಾಂಕವನ್ನು ಆಟೋಮ್ಯಾಟಿಕ್ ಮಾಡಿ, 'ಸಿಂಕ್ ನೌ' ಒತ್ತಿ.

ದಿನಾಂಕ ಸರಿಯಿದ್ದೂ 'ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ' ಅನ್ನುವ ಎಚ್ಚರಿಕೆ ಬ್ಯಾಂಕಿನ ಪುಟದಲ್ಲಿ ಬಂದರೆ ದಯವಿಟ್ಟು 'ಅಡ್ವಾನ್ಸ್ಡ್' ಒತ್ತಿ ಮುಂದೆ ಹೋಗಬೇಡಿ. ಅವತ್ತಿಗೆ ಬ್ಯಾಂಕಿಗೇ ಹೋಗಿ ಬನ್ನಿ.

ಉಳಿದ ಕಾರಣಗಳು

ಸಂದೇಶದಲ್ಲಿ ಡಿಎನ್‌ಎಸ್ ಅನ್ನುವ ಅಕ್ಷರ ಕಂಡರೆ, ತಾಣದ ಹೆಸರನ್ನು ನಂಬರಿಗೆ ತಿರುಗಿಸಿ ಕೊಡುವ ವ್ಯವಸ್ಥೆ ಉತ್ತರ ಕೊಡ್ತಿಲ್ಲ ಅಂತ. ಮೊದಲು ತಾಣದ ಹೆಸರನ್ನು ಸರಿಯಾಗಿ ಬರೆದಿದ್ದೀರಾ ನೋಡಿ. ಸರಿಯಿದ್ದರೆ ಅದೇ ಸೆಟ್ಟಿಂಗ್ಸಿನಲ್ಲಿ ಡಿಎನ್‌ಎಸ್ ಮಾತ್ರ ಮ್ಯಾನುಯಲ್ ಮಾಡಿ, ಐಪಿವಿ4 ಕೆಳಗೆ ಗೂಗಲ್‌ನ 8.8.8.8 ಮತ್ತು 8.8.4.4, ಅಥವಾ ಕ್ಲೌಡ್‌ಫ್ಲೇರ್‌ನ 1.1.1.1 ಮತ್ತು 1.0.0.1 ಹಾಕಬಹುದು. ಎರಡೂ ಉಚಿತ.

ಪುಟ ಅರ್ಧ ಬಂದು ನಿಲ್ಲುತ್ತೆ, ಲಾಗಿನ್ ಆದ ಮೇಲೆ ಚಕ್ರ ತಿರುಗುತ್ತಲೇ ಇರುತ್ತೆ, ಫೋಟೊ ಅಪ್‌ಲೋಡ್ ಆಗೋದೇ ಇಲ್ಲ, ಹಾಟ್‌ಸ್ಪಾಟಿನಲ್ಲಿ ಎಲ್ಲ ಸರಿ: ಹೀಗಿದ್ದರೆ ರೌಟರಿನ ಎಂಟಿಯು ಅನ್ನುವ ಅಳತೆಯ ಮೇಲೆ ಅನುಮಾನ ಪಡಿ. ಒಂದು ಸಲಕ್ಕೆ ಎಷ್ಟು ದೊಡ್ಡ ಮೂಟೆ ಕಳಿಸಬಹುದು ಅನ್ನುವ ಲೆಕ್ಕ ಅದು. ಸಾಮಾನ್ಯ ಅಳತೆ 1500. ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಕೂಡಿಸುವ ಪಿಪಿಪಿಒಇ ಸಂಪರ್ಕದಲ್ಲಿ 8 ಅದಕ್ಕೇ ಹೋಗಿ 1492 ಉಳಿಯುತ್ತೆ. ರೌಟರಿನಲ್ಲಿ 1500 ಅಂತಲೇ ಇದ್ದರೆ ದೊಡ್ಡ ಮೂಟೆಗಳು ದಾರಿಯಲ್ಲಿ ಬಿದ್ದುಹೋಗಬಹುದು. ಇದನ್ನು ಕಂಪನಿಯವರಿಂದಲೇ ಸರಿ ಮಾಡಿಸಿ, ರೌಟರ್ ರೀಸೆಟ್ ಬಟನ್ನಿಗೆ ಗುಂಡುಪಿನ್ನು ಚುಚ್ಚಲು ಹೋಗಬೇಡಿ. ಆ ಪಾಸ್‌ವರ್ಡೆಲ್ಲ ಅಳಿಸಿಹೋದರೆ ಇರುವ ಇಂಟರ್ನೆಟ್ಟೂ ಹೋಗುತ್ತೆ.

ವಿಂಡೋಸ್ 7 ಇನ್ನೂ ಓಡಿಸುತ್ತಿರುವವರಿಗೆ ಒಂದು ಕಹಿ ಮಾತು. ಮೈಕ್ರೋಸಾಫ್ಟ್ ಅದಕ್ಕೆ ಬೆಂಬಲ ನಿಲ್ಲಿಸಿದ್ದು 2020ರ ಜನವರಿಯಲ್ಲಿ, ಕ್ರೋಮ್ 2023ರಲ್ಲಿ ಕೈಬಿಟ್ಟಿತು. ಅದರಲ್ಲಿ ಕೆಲವು ತಾಣ ತೆರೆಯದೇ ಇರೋದು ದೋಷವಲ್ಲ, ವಯಸ್ಸು. ಬ್ಯಾಂಕ್ ಕೆಲಸಕ್ಕಂತೂ ಅದು ಬೇಡ.

ಏನೇ ಬದಲಾಯಿಸಿದರೂ ಒಂದು ಸಲಕ್ಕೆ ಒಂದೇ ಬದಲಾಯಿಸಿ, ಹಳೆಯ ನಂಬರಿನ ಫೋಟೊ ಹೊಡೆದಿಟ್ಟುಕೊಳ್ಳಿ. ಬೇವಿನೆಣ್ಣೆ, ಬೋರಾನ್, ಹುಳಿ ಮಜ್ಜಿಗೆ ಒಟ್ಟಿಗೇ ಹೊಡೆದರೆ ಯಾವುದರಿಂದ ಗುಣ ಕಂಡಿತು ಅಂತ ಹೇಗೆ ಗೊತ್ತಾಗಬೇಕು? ಇನ್ನು ಕೊನೆ ದಿನಾಂಕ ತಲೆಮೇಲೆ ಇದ್ದರೆ ರೋಗ ಹುಡುಕುತ್ತಾ ಕೂರಬೇಡಿ. ಹಾಟ್‌ಸ್ಪಾಟಿನಲ್ಲೋ ಫೋನಿನಲ್ಲೋ ಗ್ರಾಮ ಒನ್‌ನಲ್ಲೋ ಅರ್ಜಿ ಮುಗಿಸಿ, ಆಮೇಲೆ ಲ್ಯಾಪ್‌ಟಾಪ್ ಬಿಚ್ಚಿ.

ಕಂಪನಿಗೆ ಫೋನ್ ಮಾಡುವಾಗ "ನೆಟ್ ಇಲ್ಲ" ಅನ್ನಬೇಡಿ, ರೌಟರ್ ಆಫ್ ಮಾಡಿ ಆನ್ ಮಾಡಿ ಅಂತ ಹೇಳಿ ಇಟ್ಟುಬಿಡ್ತಾರೆ. "ಈ ಎರಡು ತಾಣ ನಿಮ್ಮ ವೈಫೈನಲ್ಲಿ ಫೋನು, ಲ್ಯಾಪ್‌ಟಾಪ್ ಎರಡರಲ್ಲೂ ತೆರೆಯಲ್ಲ, ಮೊಬೈಲ್ ಡೇಟಾದಲ್ಲಿ ತೆರೆಯುತ್ತೆ" ಅಂತ ಹೇಳಿ, ದೂರಿನ ನಂಬರ್ ಪಡೆಯಿರಿ. ಸಹಾಯವಾಣಿ ನಂಬರನ್ನು ಬಿಲ್ಲಿನಿಂದಲೋ ಕಂಪನಿ ಆ್ಯಪ್‌ನಿಂದಲೋ ತೆಗೆದುಕೊಳ್ಳಿ, ಗೂಗಲ್‌ನಲ್ಲಿ ಹುಡುಕಿದಾಗ ಮೊದಲು ಬರುವ ನಂಬರಿಗೆ ಹೊಡೆಯಬೇಡಿ. ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಕೊಳ್ಳಿ, ಒಟಿಪಿ ಹೇಳಿ ಅಂದರೆ ಫೋನ್ ಇಟ್ಟುಬಿಡಿ. ಅಷ್ಟರಲ್ಲೇ ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.