ಕಫದಲ್ಲಿ ಸಿಗದ ಕ್ಷಯ

ಹೊಟ್ಟೆಯ ಟಿಬಿ ಜಠರವನ್ನು ಹಿಡಿಯುವುದು ಅಪರೂಪ. ಕ್ಷಯಾಣುಗಳು ಹೆಚ್ಚಾಗಿ ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಜಾಗದಲ್ಲಿ, ಸುತ್ತಲಿನ ದುಗ್ಧಗ್ರಂಥಿಗಳಲ್ಲಿ ಅಥವಾ ಉದರದ ಒಳಗೋಡೆಯನ್ನು ಹೊದ್ದಿರುವ ತೆಳುಪೊರೆಯಲ್ಲಿ ನೆಲೆಸುತ್ತವೆ. ಬಿಟ್ಟುಬಿಟ್ಟು ಬರುವ ಹೊಟ್ಟೆನೋವು, ಸಂಜೆಯ ಜ್ವರ, ಇಳಿಯುವ ತೂಕ, ಒಮ್ಮೆ ಭೇದಿ ಒಮ್ಮೆ ಮಲಬದ್ಧತೆ ಇವೆಲ್ಲ ಬಿಡಿಬಿಡಿಯಾಗಿ ಕಂಡಾಗ ಗ್ಯಾಸ್ಟ್ರಿಕ್ ಎಂದೋ ಟೈಫಾಯ್ಡ್ ಎಂದೋ ಚಿಕಿತ್ಸೆ ನಡೆದು ತಿಂಗಳುಗಳು ಕಳೆಯುವುದರಿಂದ, ಲಕ್ಷಣಗಳನ್ನು ಒಟ್ಟಿಗೆ ಇಟ್ಟು ನೋಡುವುದು ರೋಗಿಗಳ ಹಾಗೂ ವೈದ್ಯರ ಅನುಭವ ಕಲಿಸಿರುವ ಮೊದಲ ಪಾಠ.

ಎದೆಯ ಎಕ್ಸ್‌ರೇ ಶುಭ್ರವಾಗಿದ್ದು ಕಫದಲ್ಲಿ ರೋಗಾಣು ಸಿಗದಿದ್ದರೂ ಅನುಮಾನ ತೀರುವುದಿಲ್ಲ, ಏಕೆಂದರೆ ಇಂಥ ರೋಗಿಗಳಲ್ಲಿ ಅನೇಕರ ಶ್ವಾಸಕೋಶಕ್ಕೆ ಏನೂ ಆಗಿರುವುದಿಲ್ಲ. ಚರ್ಮಕ್ಕೆ ಚುಚ್ಚಿ ಮಾಡುವ ಮಾಂಟೂ ಪರೀಕ್ಷೆ ಸೋಂಕು ತಗುಲಿದೆಯೇ ಎಂಬುದನ್ನಷ್ಟೇ ಸೂಚಿಸುತ್ತದೆ. ರಕ್ತದ ಪ್ರತಿಕಾಯಗಳಿಂದ ಕ್ಷಯ ಗುರುತಿಸುವ ಕಿಟ್‌ಗಳನ್ನು, ಅವು ನಂಬಲರ್ಹವಲ್ಲವೆಂದು, ಭಾರತ ಸರ್ಕಾರ 2012ರಲ್ಲೇ ನಿಷೇಧಿಸಿತು.

ಹೀಗಾಗಿ ರೋಗ ಇರುವ ಜಾಗದಿಂದಲೇ ಮಾದರಿ ತೆಗೆಯಬೇಕಾಗುತ್ತದೆ. ಕೊಲೊನೋಸ್ಕೋಪಿಯಲ್ಲಿ, ಅಂದರೆ ಗುದದ್ವಾರದಿಂದ ಕ್ಯಾಮೆರಾ ನಳಿಕೆಯನ್ನು ತೂರಿಸಿ ಕರುಳನ್ನು ನೋಡುವಾಗ, ಹುಣ್ಣಿನಿಂದ ತೆಗೆದ ಚೂರುಗಳನ್ನೆಲ್ಲ ಫಾರ್ಮಾಲಿನ್‌ಗೆ ಹಾಕಿದರೆ ರೋಗಾಣು ಸತ್ತು ಕಲ್ಚರ್, ಅಂದರೆ ಅದನ್ನು ಬೆಳೆಸಿ ಗುರುತಿಸುವ ಪರೀಕ್ಷೆ, ಅಸಾಧ್ಯವಾಗುವುದರಿಂದ ಕೆಲವನ್ನು ಸಲೈನ್‌ನಲ್ಲಿ ಕಳುಹಿಸುವುದು ಅಗತ್ಯ. ರೋಗಾಣುವಿನ ವಂಶವಾಹಿಯನ್ನು ಹುಡುಕುವ ಸಿಬಿನಾಟ್ ಕೆಲವೇ ಗಂಟೆಗಳಲ್ಲಿ ಉತ್ತರ ಕೊಟ್ಟರೂ, ಕರುಳಿನ ಮಾದರಿಯಲ್ಲಿ ರೋಗಾಣುಗಳು ವಿರಳವಾಗಿರುವ ಕಾರಣ ಅದರ ನೆಗೆಟಿವ್ ವರದಿ ರೋಗವಿಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಆ ನೀರಿನಲ್ಲಿ ಎಡಿಎ ಎಂಬ ಕಿಣ್ವದ ಪ್ರಮಾಣ ಹೆಚ್ಚಿರುವುದು ಕ್ಷಯದ ಕಡೆಗೆ ಬೆರಳು ತೋರುತ್ತದೆ. ಆದರೆ ಮಹಿಳೆಯರಲ್ಲಿ ಇದೇ ಸ್ಥಿತಿಯಲ್ಲಿ ರಕ್ತದ ಸಿಎ-125 ಅಂಶವೂ ಏರಿ ಅಂಡಾಶಯದ ಕ್ಯಾನ್ಸರಿನ ಭ್ರಮೆ ಹುಟ್ಟಿಸಬಲ್ಲದಾದ್ದರಿಂದ, ಲ್ಯಾಪರೊಸ್ಕೋಪಿಯಲ್ಲಿ, ಅಂದರೆ ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ಕ್ಯಾಮೆರಾದಿಂದ ಒಳಗೆ ನೋಡುವಾಗ, ಉದರದ ಪೊರೆಯ ಚೂರು ತೆಗೆದು ಪರೀಕ್ಷಿಸದೆ ತೀರ್ಮಾನಕ್ಕೆ ಬರುವುದು ಅಪಾಯಕರ.

ಎಲ್ಲಕ್ಕಿಂತ ಕಠಿಣವಾದುದು ಕ್ರೋನ್ಸ್ ಕಾಯಿಲೆಯಿಂದ, ಅಂದರೆ ಸೋಂಕಿಲ್ಲದೆ ಕರುಳಿನಲ್ಲಿ ದೀರ್ಘಕಾಲ ಉಳಿಯುವ ಉರಿಯೂತದಿಂದ, ಕ್ಷಯವನ್ನು ಬೇರ್ಪಡಿಸುವುದು. ಕ್ರೋನ್ಸ್‌ಗೆ ಕೊಡುವ ಸ್ಟಿರಾಯ್ಡ್ ಕ್ಷಯವನ್ನು ಉಲ್ಬಣಗೊಳಿಸಬಹುದಾದ್ದರಿಂದ, ಪುರಾವೆ ಅಪೂರ್ಣವಾಗಿರುವಾಗ ಕ್ಷಯದ ಔಷಧಿಯನ್ನೇ ಮೊದಲು ಕೊಟ್ಟು ನೋಡುವ ಕ್ರಮವಿದೆ. ಆದರೆ ಕ್ರೋನ್ಸ್ ರೋಗಿಗೂ ಇದರಿಂದ ತಾತ್ಕಾಲಿಕವಾಗಿ ಹಾಯೆನಿಸಬಹುದು. ಆದುದರಿಂದ ಸುಮಾರು 2 ತಿಂಗಳ ನಂತರ ಮತ್ತೆ ಕೊಲೊನೋಸ್ಕೋಪಿ ಮಾಡಿ ಹುಣ್ಣು ಮಾಯ್ದಿದೆಯೇ ಎಂದು ನೋಡಬೇಕು, ಮಾಯದಿದ್ದರೆ ಔಷಧಕ್ಕೆ ಮಣಿಯದ ಕ್ಷಯವೋ ಬೇರೆ ಕಾಯಿಲೆಯೋ ಎಂದು ಹೊಸದಾಗಿ ವಿಚಾರಿಸಬೇಕು. ಮರುಪರೀಕ್ಷೆಯ ದಿನವನ್ನು ಮೊದಲ ಮಾತ್ರೆ ಕೊಡುವಾಗಲೇ ನಿಗದಿಪಡಿಸದಿದ್ದರೆ, ಊಹೆಯಿಂದ ಆರಂಭವಾದ 6 ತಿಂಗಳ ಚಿಕಿತ್ಸೆಯು ಊಹೆಯಲ್ಲೇ ಮುಗಿಯುತ್ತದೆ.