ಪಿಸ್ತೂಲು ಆರಿಸೋದು ಹೇಗೆ? ನಾಲ್ಕು ಪರೀಕ್ಷೆಗಳು ಹೇಳುವ ಪಾಠ

ಡಿಸೈನ್ ಕ್ಲಾಸಿನಲ್ಲಿ 'ರಿಕ್ವೈರ್‌ಮೆಂಟ್ಸ್' ಅನ್ನೋ ಮಾತು ಬಂದ ಕೂಡಲೇ ಕೊನೇ ಬೆಂಚಿನಲ್ಲಿ ಆಕಳಿಕೆ ಶುರುವಾಗುತ್ತೆ. ಪ್ರಾಜೆಕ್ಟ್ ರಿಪೋರ್ಟಿನ ಎರಡನೇ ಪುಟ ತುಂಬಿಸೋಕೆ ಇರುವ ಪದ ಅಂತ ನಮ್ಮಲ್ಲಿ ಬಹಳ ಜನ ತಿಳ್ಕೊಂಡಿದ್ದೇವೆ. ಆದರೆ ಆ ಪುಟದಲ್ಲಿ ಒಂದು ಸಾಲು ಬಿಟ್ಟುಹೋದರೆ ಮನುಷ್ಯರಿಗೆ ಪೆಟ್ಟು ಬೀಳುತ್ತೆ. ಇದಕ್ಕೆ ಒಂದು ಒಳ್ಳೆಯ ಉದಾಹರಣೆ, ಸೇನೆಗಳು ತಮ್ಮ ಪಿಸ್ತೂಲನ್ನು ಆರಿಸಿದ ಕತೆ.

ಮೊದಲೇ ಹೇಳಿಬಿಡ್ತೀವಿ, ಇದು ಕೊಳ್ಳುವವರ ಕೈಪಿಡಿ ಅಲ್ಲ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಪಿಸ್ತೂಲು ಇಟ್ಟುಕೊಳ್ಳುವಂತಿಲ್ಲ. ಸೇನೆ ಬಳಸುವ 9 ಮಿ.ಮೀ. ಬೋರ್ ಅಂತೂ ಸಾಮಾನ್ಯ ನಾಗರಿಕರಿಗೆ ನಿಷಿದ್ಧ. ನಮ್ಮ ಸೇನೆಯಲ್ಲಿ ಬಹುಕಾಲದಿಂದ ಇರುವ 'ಪಿಸ್ಟಲ್ ಆಟೋ 9 ಎಂಎಂ 1ಎ' ಇಶಾಪುರದ ರೈಫಲ್ ಕಾರ್ಖಾನೆಯದು, ಬ್ರೌನಿಂಗ್ ಹೈ-ಪವರ್ ಮಾದರಿಯದು. ನಾವಿಲ್ಲಿ ನೋಡುವುದು ಆಯ್ಕೆಯ ವಿಧಾನವನ್ನು ಮಾತ್ರ.

ಒಳಗೆ ಏನು ನಡೆಯುತ್ತೆ?

ಅರೆ-ಸ್ವಯಂಚಾಲಿತ ಪಿಸ್ತೂಲು ಅಂದರೆ ಒಂದು ಸಲ ಟ್ರಿಗರ್ ಎಳೆದರೆ ಒಂದೇ ಗುಂಡು. ಮುಂದಿನ ತೋಟಾ ತಾನೇ ಬಂದು ಕೂರುತ್ತೆ. ಇದಕ್ಕೆ ಬೇಕಾದ ಶಕ್ತಿ ಹಾರಿದ ಗುಂಡಿನ ಹಿಮ್ಮೆಟ್ಟಿನಿಂದಲೇ ಬರುತ್ತೆ. ದೊಡ್ಡ ಪಿಸ್ತೂಲುಗಳಲ್ಲಿ ಬ್ಯಾರೆಲ್ಲೂ ಮೇಲಿನ ಸ್ಲೈಡೂ ಒಂದಕ್ಕೊಂದು ಸಿಕ್ಕಿಕೊಂಡು ಕೆಲವು ಮಿ.ಮೀ. ಒಟ್ಟಿಗೆ ಹಿಂದೆ ಸರಿಯುತ್ತವೆ. ಅಷ್ಟರಲ್ಲಿ ಗುಂಡು ಹೊರಗೆ ಹೋಗಿ ಒತ್ತಡ ಇಳಿದಿರುತ್ತೆ. ಆಮೇಲೆ ಬ್ಯಾರೆಲ್ ಬಿಡಿಸಿಕೊಂಡು ನಿಲ್ಲುತ್ತೆ, ಸ್ಲೈಡ್ ಮಾತ್ರ ಹಿಂದಕ್ಕೆ ಹೋಗಿ ಖಾಲಿ ತೋಟಾ ಎಸೆದು, ಸ್ಪ್ರಿಂಗಿನ ಬಲದಿಂದ ಮುಂದೆ ಬರುವಾಗ ಹೊಸದನ್ನು ತಳ್ಳಿಕೊಂಡು ಬರುತ್ತೆ. 'ಪೂರ್ಣ ಅಳತೆ' ಅಂದರೆ ಸಾಮಾನ್ಯವಾಗಿ 114ರಿಂದ 127 ಮಿ.ಮೀ. ಬ್ಯಾರೆಲ್, ಇಡೀ ಅಂಗೈ ಹಿಡಿಸುವ ಹಿಡಿ. ಬಚ್ಚಿಟ್ಟುಕೊಳ್ಳೋಕೆ ಅನುಕೂಲ ಇಲ್ಲ, ಆದರೆ ಗುರಿ ಸುಲಭ, ಹಿಮ್ಮೆಟ್ಟು ಹತೋಟಿಯಲ್ಲಿರುತ್ತೆ.

ತೋಟಾದ ಲೆಕ್ಕ

ಯಾವ ತೋಟಾ ಅನ್ನೋದೇ ಮೊದಲ ಪ್ರಶ್ನೆ. ಎರಡು ಜನಪ್ರಿಯ ಗಾತ್ರಗಳನ್ನು ತಗೊಳ್ಳೋಣ. 9 ಮಿ.ಮೀ. ಗುಂಡು ಸುಮಾರು 8 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 360 ಮೀಟರ್. ಪಾಯಿಂಟ್ 45 ಗುಂಡು ಸುಮಾರು 14.9 ಗ್ರಾಂ, ವೇಗ ಸುಮಾರು 255 ಮೀಟರ್.

ಚಲನಶಕ್ತಿ ಲೆಕ್ಕ ಹಾಕಿ: ಮೊದಲನೆಯದಕ್ಕೆ ಸುಮಾರು 518 ಜೂಲ್, ಎರಡನೆಯದಕ್ಕೆ 484. ಹೆಚ್ಚುಕಮ್ಮಿ ಒಂದೇ! ಆದರೆ ಸಂವೇಗ ನೋಡಿದರೆ 2.9ಕ್ಕೆ ಎದುರಾಗಿ 3.8 ಕೆ.ಜಿ. ಮೀಟರ್ ಪ್ರತಿ ಸೆಕೆಂಡ್. ಅಂದರೆ ಮೂರನೇ ಒಂದು ಪಾಲು ಹೆಚ್ಚು. ಕೈಗೆ ಬಡಿಯುವುದು ಸಂವೇಗದ ಲೆಕ್ಕ. ಪಿಸ್ತೂಲಿನ ತೂಕ 1 ಕೆ.ಜಿ. ಅಂತಿಟ್ಟುಕೊಂಡು ಅನಿಲದ ಪಾಲನ್ನು ಬಿಟ್ಟರೆ, ಅದು ಹಿಂದಕ್ಕೆ ಒದೆಯುವ ಶಕ್ತಿ ಮೊದಲನೆಯದರಲ್ಲಿ 4.2 ಜೂಲ್, ಎರಡನೆಯದರಲ್ಲಿ 7.2. ಪಿಯುಸಿಯಲ್ಲಿ ಉರು ಹೊಡೆದ ಸಂವೇಗ ಸಂರಕ್ಷಣೆ ಇಲ್ಲಿ ಕೆಲಸಕ್ಕೆ ಬಂತು ನೋಡಿ. ದಪ್ಪ ತೋಟಾ ಆದರೆ ಮ್ಯಾಗಜೀನಿನಲ್ಲಿ ಹಿಡಿಯುವುದೂ ಕಮ್ಮಿ.

1911: ಎಷ್ಟು ಸಲ ಕೈಕೊಡುತ್ತೆ?

ಫಿಲಿಪೈನ್ಸ್‌ನ ಯುದ್ಧದಲ್ಲಿ ಪಾಯಿಂಟ್ 38 ರಿವಾಲ್ವರ್ ಸಾಲುವುದಿಲ್ಲ ಅನ್ನಿಸಿ, ಅಮೆರಿಕದ ಸೇನೆ ಪಾಯಿಂಟ್ 45ರ ಪಿಸ್ತೂಲು ಹುಡುಕಿತು. ಕೊನೆಯ ಸುತ್ತಿಗೆ ಉಳಿದಿದ್ದು ಇಬ್ಬರು: ಜಾನ್ ಬ್ರೌನಿಂಗ್ ವಿನ್ಯಾಸ ಮಾಡಿದ ಕೋಲ್ಟ್ ಮತ್ತು ಸ್ಯಾವೇಜ್. ಪರೀಕ್ಷೆ ಸರಳ, ಆದರೆ ಕ್ರೂರ. ಒಂದೊಂದರಿಂದ 6000 ಗುಂಡು ಹಾರಿಸೋದು. ಸ್ಯಾವೇಜ್ 37 ಸಲ ತಡವರಿಸಿತು, ಕೋಲ್ಟ್ ಒಂದು ಸಲವೂ ಇಲ್ಲ. 1911ರ ಮಾರ್ಚ್‌ನಲ್ಲಿ ಅದೇ ಆಯ್ಕೆಯಾಯ್ತು, 1985ರವರೆಗೆ ಅಧಿಕೃತ ಪಿಸ್ತೂಲಾಗಿ ಉಳಿಯಿತು.

ಹಾಗಂತ ಅದು ಪರಿಪೂರ್ಣ ಅಲ್ಲ. ಸೈನಿಕರ ಕೈ ಅಳತೆ ಪರೀಕ್ಷೆಯಲ್ಲಿ ಲೆಕ್ಕಕ್ಕೆ ಬಂದಿರಲಿಲ್ಲ. ಮೊದಲ ಮಹಾಯುದ್ಧದ ಅನುಭವದ ನಂತರ ಟ್ರಿಗರ್ ಗಿಡ್ಡ ಮಾಡಿ, ಹಿಡಿಯ ಹಿಂಭಾಗ ಬದಲಿಸಿ ಎ1 ಮಾದರಿ ತಂದರು.

1980: ಹದಿನೇಳು ಸಾಲಿನ ಪಟ್ಟಿ

ಆಸ್ಟ್ರಿಯಾದ ಸೇನೆ ಬೇರೆ ದಾರಿ ಹಿಡಿಯಿತು. ಮೊದಲು ಪಟ್ಟಿ ಬರೆಯಿತು, ಆಮೇಲೆ ಪಿಸ್ತೂಲು ಕೇಳಿತು. ಒಟ್ಟು 17 ಅಂಶ. ಕೆಲವನ್ನು ನೋಡಿ: ಬಿಡಿಭಾಗ 58ಕ್ಕಿಂತ ಹೆಚ್ಚಿರಬಾರದು. ಎರಡು ಮೀಟರ್ ಎತ್ತರದಿಂದ ಉಕ್ಕಿನ ಹಲಗೆ ಮೇಲೆ ಬಿದ್ದರೂ ಗುಂಡು ಹಾರಬಾರದು. ಮೊದಲ 10,000 ಗುಂಡುಗಳಲ್ಲಿ 20ಕ್ಕಿಂತ ಹೆಚ್ಚು ಸಲ ತಡವರಿಸಬಾರದು. ಒಂದು ಪಿಸ್ತೂಲಿನ ಮುಖ್ಯ ಭಾಗ ಇನ್ನೊಂದಕ್ಕೆ ಅರ ಹಾಕದೆ ಕೂರಬೇಕು.

ಗಮನಿಸಿ, 'ಲೋಹದ್ದೇ ಆಗಿರಬೇಕು' ಅಂತ ಎಲ್ಲೂ ಇಲ್ಲ. ಏನು ಬೇಕು ಅಂದರು, ಹೇಗೆ ಮಾಡಬೇಕು ಅನ್ನಲಿಲ್ಲ. ಆ ಸಂದಿಯಲ್ಲಿ ನುಗ್ಗಿದವರು ಗ್ಯಾಸ್ಟನ್ ಗ್ಲಾಕ್. ಅವರು ಅದುವರೆಗೆ ಮಾಡುತ್ತಿದ್ದುದು ಕರ್ಟನ್ ರಾಡು, ಚಾಕುಗಳಂಥ ಸಾಮಾನು, ಪಿಸ್ತೂಲು ಅಲ್ಲ. ಪಾಲಿಮರ್ ಚೌಕಟ್ಟು, ಕಮ್ಮಿ ಬಿಡಿಭಾಗ, 17 ತೋಟಾದ ಮ್ಯಾಗಜೀನ್. ಖಾಲಿ ಇದ್ದಾಗ 700 ಗ್ರಾಂಗಿಂತ ಹಗುರ. 1982ರಲ್ಲಿ ಆ ಪಿಸ್ತೂಲನ್ನೇ ಸೇನೆ ತೆಗೆದುಕೊಂಡಿತು.

1985: ಮುರಿದರೂ ಕಾಯಬೇಕು

ನ್ಯಾಟೋ ಮಿತ್ರರೆಲ್ಲ ಬಳಸುವ 9 ಮಿ.ಮೀ.ಗೆ ಅಮೆರಿಕವೂ ಬಂತು. ಪರೀಕ್ಷೆ ಪೂರ್ತಿ ದಾಟಿದ್ದು ಬೆರೆಟ್ಟಾ 92 ಮತ್ತು ಸಿಗ್ ಪಿ226. ಪಿಸ್ತೂಲೊಂದರ ಬೆಲೆ ಸಿಗ್‌ದೇ ತುಸು ಕಮ್ಮಿ. ಆದರೆ ಮ್ಯಾಗಜೀನ್, ಬಿಡಿಭಾಗ ಎಲ್ಲ ಸೇರಿಸಿದಾಗ ಬೆರೆಟ್ಟಾದ ಒಟ್ಟು ಮೊತ್ತ ಕೆಳಗಿತ್ತು. ಹಾಗಾಗಿ ಎಂ9 ಹೆಸರಿನಲ್ಲಿ ಅದು ಗೆದ್ದಿತು. ಪ್ರಿಂಟರ್ ಬೆಲೆ ಮಾತ್ರ ನೋಡಿ ಕಾರ್ಟ್ರಿಡ್ಜ್ ಬೆಲೆ ಮರೆಯುವ ನಮಗೆಲ್ಲ ಇದು ಗೊತ್ತಿರಬೇಕಾದ ಲೆಕ್ಕ.

1987–88ರಲ್ಲಿ ನೌಕಾದಳದ ಸೀಲ್ ಪಡೆಯವರ ಅಭ್ಯಾಸದಲ್ಲಿ ಕೆಲವು ಸ್ಲೈಡ್‌ಗಳು ಮುರಿದು, ಹಿಂದಿನ ತುಂಡು ಹಾರಿ ಹಾರಿಸಿದವರ ಮುಖಕ್ಕೇ ಬಡಿಯಿತು. ತೋಟಾದ ಒತ್ತಡ ಹೆಚ್ಚಿತ್ತೋ, ಲೋಹ ಮೆದುವಾಗಿತ್ತೋ ಅಂತ ದೊಡ್ಡ ಜಗಳ ನಡೆಯಿತು. ಆ ಜಗಳಕ್ಕಿಂತ ನಮಗೆ ಮುಖ್ಯವಾದದ್ದು ಪರಿಹಾರ: ಸುತ್ತಿಗೆಯ ಪಿನ್ನಿನ ತಲೆ ದೊಡ್ಡದು ಮಾಡಿ, ಅದು ಸಿಕ್ಕಿಕೊಳ್ಳುವಂತೆ ಸ್ಲೈಡಿನಲ್ಲಿ ಗಾಡಿ ಕೊರೆದರು. ಸ್ಲೈಡ್ ಮುರಿದರೂ ತುಂಡು ಹಿಂದಕ್ಕೆ ಹಾರೋದಿಲ್ಲ. 'ಮುರಿಯಬಾರದು' ಅನ್ನೋದು ಒಂದು ಬೇಡಿಕೆ. 'ಮುರಿದರೆ ಯಾರಿಗೂ ಪೆಟ್ಟಾಗಬಾರದು' ಅನ್ನೋದು ಬೇರೆಯೇ ಬೇಡಿಕೆ. ಎರಡನ್ನೂ ಬರೆಯಬೇಕು.

ಇರಾಕಿನಲ್ಲಿ ಇನ್ನೊಂದು ತೊಂದರೆ. ತುಕ್ಕು ಹಿಡಿಯದಿರಲಿ ಅಂತ ಮ್ಯಾಗಜೀನಿಗೆ ಒರಟಾದ ಫಾಸ್ಫೇಟ್ ಲೇಪನ ಬೇಕೆಂದು ಸರ್ಕಾರವೇ ಕೇಳಿತ್ತು. ಆ ಒರಟು ಮೈಗೆ ಮರುಭೂಮಿಯ ನುಣ್ಣನೆ ಮರಳು ಅಂಟಿಕೊಂಡು ತೋಟಾ ಮೇಲೇರದೆ ನಿಂತವು. ಆಮೇಲೆ ನುಣುಪಾದ ಲೇಪನದ ಮ್ಯಾಗಜೀನ್ ತರಿಸಬೇಕಾಯ್ತು. ಇಲ್ಲಿ ತಯಾರಕರು ಸ್ಪೆಸಿಫಿಕೇಶನ್ ಮೀರಿದ್ದಲ್ಲ, ಪಾಲಿಸಿದ್ದು!

2017: ಬಿದ್ದ ಕೋನ ಯಾವುದು?

2017ರ ಜನವರಿಯಲ್ಲಿ ಅಮೆರಿಕ ಸೇನೆ ಸಿಗ್ ಸಾವರ್ ಪಿ320ನ ಮಾದರಿಯನ್ನು ಎಂ17 ಹೆಸರಿನಲ್ಲಿ ಆರಿಸಿತು. ಸಣ್ಣ, ಮಧ್ಯಮ, ದೊಡ್ಡ ಕೈಗಳಿಗೆ ಹಿಡಿಯನ್ನೇ ಬದಲಿಸಬಹುದು. 1911ರಲ್ಲಿ ಬಿಟ್ಟುಹೋದ ಸಾಲು ಕೊನೆಗೂ ಪಟ್ಟಿಗೆ ಬಂದಿತ್ತು.

ಆದರೆ ಸೇನೆಯ ಬೀಳಿಸುವ ಪರೀಕ್ಷೆಯಲ್ಲಿ ಯಾರೂ ಟ್ರಿಗರ್ ಮುಟ್ಟದೆಯೇ ಪಿಸ್ತೂಲು ಸಿಡಿಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಮಾರುಕಟ್ಟೆಯ ಪಿ320 ಕೂಡ ಸ್ಲೈಡಿನ ಹಿಂಬದಿ ಒಂದು ನಿರ್ದಿಷ್ಟ ಕೋನದಲ್ಲಿ ನೆಲಕ್ಕೆ ತಾಗಿದರೆ ಗುಂಡು ಹಾರಿಸಬಹುದು ಅಂತ ಬಯಲಾಯ್ತು. ಕಂಪನಿ ಉಚಿತವಾಗಿ ಭಾಗ ಬದಲಿಸಿಕೊಡೋಕೆ ಮುಂದಾಯಿತು. ಕಾರಣ ನ್ಯೂಟನ್ನನ ಮೊದಲ ನಿಯಮ. ಪಿಸ್ತೂಲಿನ ಹಿಂಬದಿ ನೆಲಕ್ಕೆ ಬಡಿದು ಗಕ್ಕನೆ ನಿಂತಾಗ, ಭಾರವಾದ ಟ್ರಿಗರ್ ತನ್ನ ಜಡತ್ವದಿಂದ ಹಿಂದಕ್ಕೆ ಚಲಿಸುತ್ತಲೇ ಇರುತ್ತೆ. ಬಸ್ಸು ಬ್ರೇಕ್ ಹಾಕಿದಾಗ ನಾವು ಮುಂದಕ್ಕೆ ವಾಲುತ್ತೀವಲ್ಲ, ಹಾಗೆ. ಪಿಸ್ತೂಲಿಗೆ ಅದು ಬೆರಳು ಎಳೆದಂತೆಯೇ. ಟ್ರಿಗರ್ ಭಾಗಗಳನ್ನು ಹಗುರ ಮಾಡಿದ್ದೇ ಮದ್ದು.

ಉದ್ಯಮದ ಮಾನದಂಡದ ಬೀಳಿಸುವ ಪರೀಕ್ಷೆಗಳನ್ನು ಈ ಪಿಸ್ತೂಲು ಪಾಸಾಗಿತ್ತು. ಆ ಪರೀಕ್ಷೆಗಳಲ್ಲಿ ಆ ಕೋನ ಇರಲಿಲ್ಲ, ಅಷ್ಟೇ. ಆದರೆ ಕೈಜಾರಿದ ವಸ್ತು ಯಾವ ಕೋನದಲ್ಲಾದರೂ ಬೀಳುತ್ತೆ.

ನಮ್ಮ ಪ್ರಾಜೆಕ್ಟಿಗೆ

ಮುಂದಿನ ಸಲ ಮಿನಿ ಪ್ರಾಜೆಕ್ಟಿಗೆ ಮೋಟರೋ ಬ್ಯಾಟರಿಯೋ ಆರಿಸುವಾಗ, ಆನ್‌ಲೈನ್ ಅಂಗಡಿ ತೆರೆಯುವ ಮೊದಲು ಒಂದು ಹಾಳೆ ತಗೊಳ್ಳಿ. ಈ ಐದು ಪ್ರಶ್ನೆಗೆ ಉತ್ತರ ಬರೆಯಿರಿ.

1. ಇದು ಏನು ಮಾಡಬೇಕು? ಸಂಖ್ಯೆಯಲ್ಲಿ ಬರೆಯಿರಿ, 'ಗಟ್ಟಿಯಾಗಿರಬೇಕು' ಅಂದರೆ ಅಳೆಯೋಕೆ ಆಗಲ್ಲ.
2. ಯಾರ ಕೈಯಲ್ಲಿ, ಎಂಥ ಧೂಳು, ಬಿಸಿಲು, ಮಳೆಯಲ್ಲಿ ಇರುತ್ತೆ?
3. ಕೆಟ್ಟರೆ ಹೇಗೆ ಕೆಡುತ್ತೆ? ಆಗ ಪಕ್ಕದಲ್ಲಿ ಇರುವವರ ಗತಿ ಏನು?
4. ಬಿಡಿಭಾಗ ಸೇರಿ ಒಟ್ಟು ಖರ್ಚು ಎಷ್ಟು?
5. ನಮ್ಮ ಪರೀಕ್ಷೆ ಯಾವ ಕೋನವನ್ನು ನೋಡಿಲ್ಲ?

ಐದನೆಯದಕ್ಕೆ ಉತ್ತರ ಹೊಳೆಯೋದಿಲ್ಲ, ಯಾಕಂದ್ರೆ ನಮಗೆ ಹೊಳೆಯದ್ದನ್ನೇ ಅದು ಕೇಳ್ತಿದೆ. ಆ ಹಾಳೆಯನ್ನು ಬೇರೆ ಬ್ರಾಂಚಿನ ಗೆಳೆಯರೊಬ್ಬರ ಕೈಗೆ ಕೊಡಿ. ನಿಮ್ಮ ಯಂತ್ರವನ್ನು ಹೇಗೆಲ್ಲ ಬೀಳಿಸಬಹುದು ಅಂತ ಅವರೇ ಹೇಳಲಿ.