‘ಬಾಂಕ್ ಬಾನ್’ ನಾಟಕವೂ ಅದು ಕಲಿಸುವ ಪಾಠವೂ

ಹಂಗೇರಿ ದೇಶದವರು ತಮ್ಮ ಸಾಹಿತ್ಯದಲ್ಲಿ ಅತಿ ಮಾನ್ಯವೆಂದೆಣಿಸುವ ದುಃಖಾಂತ ನಾಟಕವೊಂದನ್ನು ಕುರಿತು ಈ ಸಂಚಿಕೆಯಲ್ಲಿ ಕೆಲವು ಮಾತುಗಳನ್ನು ಬರೆಯಲಿಚ್ಛಿಸುತ್ತೇವೆ. ಅದರ ಹೆಸರು ‘ಬಾಂಕ್ ಬಾನ್’. ಬಾಂಕ್ ಎಂಬುದು ನಾಯಕನ ಹೆಸರು. ಬಾನ್ ಎಂಬುದು ಪ್ರಾಂತಾಧಿಪತಿಯ ಬಿರುದು. ಕರ್ತೃವು ಯೋಜೆಫ್ ಕಾತೊನಾ (1791–1830). ನಾಟಕವು 1820ರಲ್ಲಿ ಅಚ್ಚಾಯಿತು; ಆದರೆ ರಂಗದ ಮೇಲೆ ಬಂದದ್ದು 1833ರಲ್ಲಿ, ಕವಿಯು ಗತಿಸಿದ ಮೇಲೆ.

ಕಥೆಯ ಬೇರು ಚರಿತ್ರೆಯಲ್ಲಿದೆ. ಅರಸನಾದ ಎರಡನೆಯ ಆಂದ್ರೆಯ ರಾಣಿ ಗೆರ್ಟ್ರೂಡಳು ಜರ್ಮನ್ ಕುಲದವಳು. ಅವಳು ತನ್ನ ಬಂಧುಗಳಿಗೆ ಪದವಿಗಳನ್ನೂ ಭೂಮಿಯನ್ನೂ ಕೊಡಿಸಿದ್ದರಿಂದ ದೇಶದ ಪ್ರಭುಗಳು ಕುದಿಯುತ್ತಿದ್ದರು. 1213ನೆಯ ಇಸವಿ ಸೆಪ್ಟೆಂಬರ್ 28ರಂದು, ಅರಸನು ಗಾಲಿಷಿಯಾದ ದಂಡಯಾತ್ರೆಯಲ್ಲಿದ್ದಾಗ, ಅವರು ಪಿಲಿಶ್ ಅರಣ್ಯದಲ್ಲಿ ಅವಳನ್ನು ಕೊಂದರು. ಪಿತೂರಿಗಾರರು ಎಸ್ಟರ್‌ಗೋಮಿನ ಮಹಾಧ್ಯಕ್ಷನ ಅಭಿಪ್ರಾಯವನ್ನು ಕೇಳಲು, ಅವನು ವಿರಾಮಚಿಹ್ನೆಗಳಿಲ್ಲದ ಲತೀನ್ ವಾಕ್ಯವೊಂದನ್ನು ಬರೆದು ಕಳುಹಿಸಿದನೆಂದು ಹಳೆಯ ವೃತ್ತಾಂತಗಳು ಹೇಳುತ್ತವೆ. ಒಂದು ಕಡೆ ನಿಲ್ಲಿಸಿ ಓದಿದರೆ ಕೊಲ್ಲಿರೆಂದೂ, ಇನ್ನೊಂದು ಕಡೆ ನಿಲ್ಲಿಸಿದರೆ ಕೊಲ್ಲಬೇಡಿರೆಂದೂ ಅರ್ಥ! ವಿರಾಮಚಿಹ್ನೆಗಳನ್ನು ಕುರಿತು ತರಗತಿಯಲ್ಲಿ ನಾವು ಗದರಿಸಿದ್ದನ್ನು ನೆನೆದು ನಮ್ಮ ಹಳೆಯ ವಿದ್ಯಾರ್ಥಿನಿಯರು ನಗಬಹುದು. ಆದರೆ ಎರಡು ನಾಲಗೆಯ ಮಾತು ಎಷ್ಟು ಭಯಂಕರವೆಂಬುದನ್ನೂ ಅವರು ಆಲೋಚಿಸಲಿ.

ನಾಟಕದಲ್ಲಿ ಬಾಂಕನು ಅರಸನ ಪ್ರತಿನಿಧಿ, ಸ್ವಾಮಿನಿಷ್ಠನು. ರಾಣಿಯ ತಮ್ಮನಾದ ಒಟ್ಟೋ ಎಂಬವನು ಬಾಂಕನ ಹೆಂಡತಿ ಮೆಲಿಂಡಳ ಮೇಲೆ ಕಣ್ಣಿಡುತ್ತಾನೆ. ಬಿಬರಾಖನೆಂಬ ಅಲೆಮಾರಿಯು ಮದ್ದಿನ ಪುಡಿಗಳನ್ನು ಕೊಟ್ಟು ಅವನ ಕುತಂತ್ರಕ್ಕೆ ನೆರವಾಗುತ್ತಾನೆ. ಮೆಲಿಂಡಳ ಮಾನಭಂಗವಾಗುತ್ತದೆ. ಇತ್ತ ತಿಬೊರ್ತ್ಸನೆಂಬ ಬಡ ರೈತನು ಹಸಿದವರ ಮೊರೆಯನ್ನು ಬಾಂಕನ ಮುಂದೆ ತೋಡಿಕೊಳ್ಳುತ್ತಾನೆ. ಸ್ವಂತ ದುಃಖವೂ ದೇಶದ ದುಃಖವೂ ಒಂದಾಗಿ, ಬಾಂಕನು ರಾಣಿಯನ್ನು ಇರಿದು ಕೊಲ್ಲುತ್ತಾನೆ. ಅರಸನು ಹಿಂದಿರುಗಿದಾಗ ಮೆಲಿಂಡಳ ಶವವನ್ನು ತರುತ್ತಾರೆ. ಒಟ್ಟೋವಿನ ಜನರು ಅವಳನ್ನು ಕೊಂದಿದ್ದರು. ಕುಸಿದುಬಿದ್ದ ಬಾಂಕನನ್ನು ಕಂಡು, ಇನ್ನು ಬೇರೆ ದಂಡನೆ ಬೇಕಿಲ್ಲವೆಂದು ಅರಸನು ತಿಳಿಯುತ್ತಾನೆ.

ಇಲ್ಲಿ ನಾವು ಗಮನಿಸತಕ್ಕದ್ದು ಮೆಲಿಂಡಳನ್ನೇ. ದ್ರೋಹ ಮಾಡಿದವರು ಬೇರೆಯವರು. ಶಿಕ್ಷೆ ಉಂಡವಳು ಅವಳು. ಗಂಡನಾದರೋ ಸಿಟ್ಟಿನ ಭರದಲ್ಲಿ ಅವಳನ್ನು ಸಂತೈಸಲಿಲ್ಲ, ತನ್ನ ಹಸುಗೂಸನ್ನೇ ಶಪಿಸಿದನು. ಅವಳ ಬುದ್ಧಿ ಕದಡಿಹೋಯಿತು. ಬಾಂಕನ ಕೋಪಕ್ಕೆ ಕಾರಣವಿತ್ತು. ಆದರೆ ಆ ಕೋಪವು ಅವಳಿಗೆ ಆಶ್ರಯವಾಗಲಿಲ್ಲ. ಅನ್ಯಾಯಕ್ಕೊಳಗಾದ ಮಗಳು ಮನೆಗೆ ಬಂದಾಗ ಆಕೆಗೆ ಮೊದಲು ಬೇಕಾದದ್ದು ಸೇಡೋ ಆಸರೆಯೋ ಎಂದು ಪ್ರತಿಯೊಬ್ಬ ತಾಯಿತಂದೆಯೂ ತಮ್ಮನ್ನು ತಾವೇ ಕೇಳಿಕೊಳ್ಳಬೇಕು.

ದೇಶದ ವಿಷಯದಲ್ಲಿಯೂ ಹಾಗೆಯೇ. ರಾಣಿಯ ಕೊಲೆಯಿಂದ ಅರಸನ ಆಡಳಿತ ತಿದ್ದಲಿಲ್ಲ. ಅದಾಗಿ ಒಂಬತ್ತು ವರುಷಗಳಿಗೆ, 1222ರಲ್ಲಿ, ಅದೇ ಆಂದ್ರೆ ಅರಸನು ಪ್ರಭುಗಳ ಒತ್ತಾಯಕ್ಕೆ ಮಣಿದು ‘ಸ್ವರ್ಣ ಮುದ್ರಾ ಶಾಸನ’ವನ್ನು ಹೊರಡಿಸಿದನು. ಸಭೆಯ ಸಮ್ಮತಿಯಿಲ್ಲದೆ ಪರದೇಶದವರಿಗೆ ಪದವಿ ಕೊಡಲಾಗದೆಂದೂ, ವಿಚಾರಣೆಯಿಲ್ಲದೆ ಕುಲೀನರನ್ನು ಸೆರೆಹಿಡಿಯಲಾಗದೆಂದೂ ಅದರಲ್ಲಿ ಬರೆಯಲ್ಪಟ್ಟಿತು. ಕಠಾರಿಯಿಂದ ಆಗದ್ದಕ್ಕೆ ಬರವಣಿಗೆಯು ದಾರಿ ತೆರೆಯಿತು. ಈ ಸಲ ಆ ಬರವಣಿಗೆಗೆ ಎರಡರ್ಥವಿರಲಿಲ್ಲ.